ಗಂಟೆಗೆ ಎಪ್ಪತ್ತು ಕಾಲರ್

"ಲೇ ಮುದುಕಿ, ಕೈಗೆ ಲಕ್ವ ಹೊಡೆದಿದ್ಯೇನೇ? ಗಂಟೆಗೆ ಎಪ್ಪತ್ತು ಕಾಲರ್ ಅಂದ್ರೆ ಐವತ್ತಕ್ಕೇ ಏದುಸಿರು ಬಿಡ್ತೀಯಲ್ಲೇ!"

ಸೂಪರ್‌ವೈಸರ್ ನನ್ನ ಮಗನಿಗಿಂತ ಚಿಕ್ಕವನು. ನಾನು ಇನ್ನೊಂದು ಕಾಲರನ್ನು ಸೂಜಿಯಡಿಗೆ ತಳ್ಳಿದೆ. ಮಗ ಸೊಂಟ ಮುರಿದುಕೊಂಡು ಮಲಗಿದ ಮೇಲೆ ಮನೆ ನಡೆಯುವುದು ನನ್ನ ಮತ್ತು ಸೊಸೆಯ ಕೈಯಲ್ಲೇ. ಈ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹದಿನೆಂಟು ವರ್ಷ ಗಂಟೆಗೆ ಐವತ್ತು ಕಾಲರ್ ಹೊಲಿದರೆ ಸಾಕಿತ್ತು. ಹೋದ ವಾರ ಎಪ್ಪತ್ತಾಯಿತು, ಅದೂ ನನ್ನ ಸೊಸೆಯಿಂದ.

ಗಂಟೆಗೆ ಎಷ್ಟೆಂದು ಗೊತ್ತುಮಾಡಲು ಸ್ಟಾಪ್‌ವಾಚ್ ಹಿಡಿದವನು ಬಂದರೆ ನಾವೆಲ್ಲ ಕೈ ನಿಧಾನ ಮಾಡುತ್ತೇವೆ. ದಾರ ತುಂಡಾದ ಹಾಗೆ, ಸೂಜಿ ಮೊಂಡಾದ ಹಾಗೆ ನಾಟಕ. ಹೊಸಬರಿಗೆ ಮೊದಲು ಕಲಿಸುವುದೇ ಇದನ್ನು. ಸೊಸೆಗೆ ನಾನು ಕಲಿಸಲಿಲ್ಲ. ಅವಳ ಕೈಚಳಕ ನೋಡಿ ಇಡೀ ಲೈನು ಬಾಯಿ ಬಿಡಲಿ ಎಂಬ ಆಸೆ ನನಗೆ. ಅವಳೋ, ಅತ್ತೆಯ ಮರ್ಯಾದೆ ಉಳಿಸಬೇಕೆಂದು ವಾಚಿನ ಮುಂದೆ ಜೀವ ತೇದು ಹೊಲಿದಳು. "ಎಪ್ಪತ್ತು!" ಅಂದ ವಾಚಿನವನು. ಮೂದೇವಿ ನಾನು, ಹಿಗ್ಗಿ ಹೀರೇಕಾಯಿಯಾದೆ.

ಮಾರನೆಯ ದಿನ ಎಲ್ಲರಿಗೂ ಎಪ್ಪತ್ತು. ಊಟದ ಹೊತ್ತಿಗೆ ಅವಳ ಪಕ್ಕ ಯಾರೂ ಕೂರಲಿಲ್ಲ.

ಇವತ್ತು ಬೈದಾದ ಮೇಲೆ ಸೂಪರ್‌ವೈಸರ್ ನನ್ನನ್ನು ಕೆಲಸದಿಂದ ತೆಗೆಸಲು ಮ್ಯಾನೇಜರ್ ರೂಮಿಗೆ ಕರೆದೊಯ್ದ. ಸೊಸೆ ಮಷಿನ್ ಬಿಟ್ಟು ಹಿಂದೆಯೇ ಓಡಿಬಂದಳು.

"ಸಾರ್, ಅವತ್ತು ಸುಮ್ನೆ ಜೋರು ತೋರ್ಸಕ್ಕೆ ಹೊಲ್ದೆ. ಬೇಕಾದ್ರೆ ನನ್ನ ಕಳ್ಸಿ, ನಮ್ಮತ್ತೆನ ಉಳಿಸ್ಕೊಳ್ಳಿ."

ಮ್ಯಾನೇಜರ್ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

"ಎಪ್ಪತ್ತು ಹೊಲಿಯೋಳ್ನ ಯಾಕಮ್ಮಾ ಕಳಿಸ್ಲಿ? ಇದೆಲ್ಲ ನಾನು ಮಾಡಿದ್ದಲ್ಲ, ಮಾರ್ಕೆಟ್ಟು. ಬೇರೆ ದೇಶದಲ್ಲಿ ನಿಮಗಿಂತ ಅಗ್ಗಕ್ಕೆ ಹೊಲೀತಾರೆ. ಆರ್ಡರ್ ಅಲ್ಲಿಗೆ ಹೋದ್ರೆ ನಾವೆಲ್ರೂ ಮನೇಲೇ."

"ಅಲ್ಲಿ ಅವ್ರನ್ನ ನಮ್ಮ ಹೆಸ್ರು ಹೇಳಿ ಹೆದರಿಸ್ತಿರ್ತಾರೆ, ಅಲ್ವೇನಪ್ಪಾ?" ಅಂದೆ.

ಮ್ಯಾನೇಜರ್ ಸೂಪರ್‌ವೈಸರ್ ಕಡೆ ತಿರುಗಿದ. "ಲೆಕ್ಕ ಮುಗ್ಸಿ ಆಚೆಗೆ ಕಳಿಸ್ರೀ ಈ ಮುದುಕೀನ."

ಬಾಗಿಲಲ್ಲಿ ಸೊಸೆಯ ಕೈ ಹಿಡಿದುಕೊಂಡೆ. "ಕೈ ನಿಧಾನ ಮಾಡೇ, ನನ್ನಾಣೆ." ಅವಳು ಅಳುತ್ತಲೇ ತಲೆಯಾಡಿಸಿದಳು.

ಗೇಟಿನಲ್ಲಿ ಕಾವಲಿನವಳು ದಾರದುಂಡೆ ಕದ್ದಿದ್ದೇನೇನೋ ಎಂದು ನನ್ನ ಚೀಲ ಸುರಿದು ನೋಡಿದಳು. ಸುರಿದದ್ದನ್ನು ಹೆಕ್ಕಿಕೊಂಡು ಗೋಡೆಯಾಚೆ ಕಿಟಕಿಯ ಕೆಳಗೆ ನಿಂತೆ. ಆ ಗದ್ದಲದಲ್ಲೂ ಅವಳ ಮಷಿನ್ ಯಾವುದೆಂದು ನನಗೆ ಗೊತ್ತಾಗುತ್ತದೆ. ಮೊದಲು ತಡೆತಡೆದು ಓಡಿತು. ಸೂಪರ್‌ವೈಸರ್ ಏನೋ ಕೂಗಿದ. ಅದು ಬೇಗ ಬೇಗ ಓಡತೊಡಗಿತು. ಮಿಕ್ಕ ಮಷಿನ್‌ಗಳೂ ಅದರ ಹಿಂದೆ ಬಿದ್ದವು.