ಅಪ್ಪಂಗೆ ಹೇಳು

ಈ ಪುಟಾಣಿ ಕುರ್ಚಿಯಲ್ಲಿ ಕೂತರೆ ಮೊಣಕಾಲು ಗದ್ದಕ್ಕೇ ಬರುತ್ತದಲ್ಲ, ಪಕ್ಕದ ಕುರ್ಚಿ ಇನ್ನೂ ಖಾಲಿ, ಹತ್ತು ಗಂಟೆಗೆ ಇಬ್ಬರೂ ಬನ್ನಿ ಅಂದಿದ್ದರು, ಗಂಡ ಲಿಫ್ಟ್ ಮೆಕ್ಯಾನಿಕ್ಕು, ಊರಿನ ಲಿಫ್ಟುಗಳೆಲ್ಲ ಇವತ್ತೇ ಕೆಟ್ಟಿರಬೇಕು — ದರ್ಜಿ ಹೆಂಗಸು ಚೀಲದೊಳಗೆ ಕೈಯಿಟ್ಟು ಕಪ್ಪು ಗುಂಡಿಯನ್ನು ಮುಟ್ಟಿ ನೋಡಿಕೊಂಡಳು, ಇದೆ, ಶಿಶುವಿಹಾರದ ಟೀಚರು ಹೇಳುತ್ತಲೇ ಇದ್ದಾರೆ, ನಿಮ್ಮ ಮಗಳು ಯಾರ ಹತ್ರಾನೂ ನೇರವಾಗಿ ಮಾತಾಡಲ್ಲಮ್ಮ, ಬಾಯಾರಿದ್ರೂ ಆ ಬಟ್ಟೆ ಮೊಲದ ಕಿವೀಲಿ ಹೇಳ್ತಾಳೆ, ಟೀಚರ್‌ಗೆ ಹೇಳು ನಂಗೆ ನೀರು ಬೇಕು ಅಂತ, ನಿನ್ನೆ ಚಡ್ಡೀಲೇ ಉಚ್ಚೆ ಮಾಡ್ಕೊಂಡ್ಲು, ಮೊಲ ಹೇಳ್ಲಿಲ್ಲ ಅಂತ ಅದಕ್ಕೆ ಹೊಡೀತಾ ಕೂತಿದ್ಲು — ನಾಲ್ಕು ವರ್ಷದ ಕೂಸು, ಎಲ್ಲಿ ಕಲಿತಳು ಅಂತ ಬೇರೆ ಕೇಳಬೇಕೆ, ಅತ್ತೆ ಹಾಸಿಗೆ ಹಿಡಿದ ಮೇಲೆ ಯಾರು ಎಷ್ಟು ಮಾಡಿದರು ಎಂಬ ಜಗಳ, ಆಮೇಲೆ ಮಾತೇ ಬಿಟ್ಟಿದ್ದು, ಪುಟ್ಟಿ, ಅಪ್ಪಂಗೆ ಹೇಳು, ಅಜ್ಜಿ ಮಾತ್ರೆ ಮುಗ್ದಿದೆ ಅಂತ, ಪುಟ್ಟಿ, ಅಮ್ಮಂಗೆ ಹೇಳು, ನಂಗೂ ಇರೋದು ಎರಡೇ ಕೈ ಅಂತ, ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಅಡುಗೆಮನೆಗೆ, ಪುಟ್ಟ ಪಾದ ಪಟಪಟ, ಮೊದಮೊದಲು ನಗುತ್ತಾ ಓಡುತ್ತಿತ್ತು ಮಗು, ಅದನ್ನು ನೋಡಿ ತಾನೂ ನಕ್ಕಿದ್ದಳಲ್ಲ, ಥೂ — ಮೊಲದ ಗುಂಡಿಕಣ್ಣು ಕಿತ್ತುಬಂದಾಗಲೂ ಅಷ್ಟೇ, ಅಪ್ಪಂಗೆ ಹೇಳು, ಕಿತ್ತವರೇ ಹಾಕಿಸ್ಲಿ, ಅಮ್ಮಂಗೆ ಹೇಳು, ಅಂಗಡಿ ತುಂಬ ಗುಂಡಿ ಇದೆಯಲ್ಲ, ದಿನಕ್ಕೆ ನೂರು ಗುಂಡಿ ಹೊಲಿಯುವವಳು ಆ ಒಂದನ್ನು ಹೊಲಿಯಲಿಲ್ಲ, ಹಠ, ಏಳು ತಿಂಗಳು, ಕಣ್ಣಿದ್ದ ಜಾಗದಲ್ಲಿ ಎರಡೆಳೆ ಕಪ್ಪು ದಾರ, ಇವತ್ತು ಹೊಲಿಯುತ್ತೇನೆ, ಇಲ್ಲೇ, ಮಗಳ ಕಣ್ಣೆದುರೇ, ಅವನ ಜೊತೆ ನಾನೇ ಮೊದಲು ಮಾತಾಡುತ್ತೇನೆ, ನನ್ನದೇನು ಗಂಟು ಹೋಗುತ್ತದೆ — ಬಾಗಿಲಲ್ಲಿ ಗ್ರೀಸಿನ ವಾಸನೆ, ಬಂದ, ಕೂತ, ಅವನ ಮೊಣಕಾಲೂ ಗದ್ದಕ್ಕೇ, ಆಯಾ ಮಗಳನ್ನು ಕರೆತಂದು ಇಬ್ಬರ ನಡುವೆ ನಿಲ್ಲಿಸಿದಳು, ಮಾತಾಡು, ತನಗೇ ಹೇಳಿಕೊಂಡಳು ತಾಯಿ, ಈಗಲೇ, ಅವನ ಮುಖ ನೋಡಿ ಮಾತಾಡು, ಬಾಯಿ ತೆರೆದಳು, ಪುಟ್ಟಿ, ಅಪ್ಪಂಗೆ ಹೇಳು, ಬರೋಕೆ ಹೇಳಿದ್ದು ಹತ್ತು ಗಂಟೆಗೆ ಅಂತ — ತನ್ನದೇ ದನಿ, ಮಗಳು ಅಪ್ಪನತ್ತ ತಿರುಗಲಿಲ್ಲ, ಮೊಲದ ಕಿವಿಗೆ ಬಾಯಿಟ್ಟು, ಇವ್ರಿಗೆ ಹೇಳು, ನಂಗೆ ಕಾಲು ನೋಯ್ತಿದೆ ಅಂತ, ಆಮೇಲೆ ಮೊಲವನ್ನು ಇಬ್ಬರ ಕಡೆ ತಿರುಗಿಸಿ ಹಿಡಿದಳು, ಕಾಯುತ್ತಿದ್ದಾಳೆ, ಅದು ಹೇಳಲಿ ಅಂತ ಕಾಯುತ್ತಿದ್ದಾಳೆ, ಚೀಲದೊಳಗೆ ಗುಂಡಿ ಮುಷ್ಟಿಯಲ್ಲೇ ಬೆವೆತಿದೆ, ಕಣ್ಣಿರಬೇಕಾದಲ್ಲಿ ಎರಡೆಳೆ ಕಪ್ಪು ದಾರ, ಎರಡೆಳೆ, ಕಪ್ಪು ದಾರ.