ಹಬೆ ಬಂದೂಕಿನ ಹಾಳೆ

ಆ ಬೆಳಿಗ್ಗೆ ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ. ಗಾಳಿಯಲ್ಲಿ ಬರೀ ಪಸೆ. ಮೇಜಿನ ಮೇಲಿನ ಹಾಳೆಗಳ ಅಂಚುಗಳು ತಾವಾಗಿಯೇ ಸುರುಳಿ ಸುತ್ತುತ್ತಿದ್ದವು. ಬಡಗಿ ಗೋಣಿ ಬಿಚ್ಚಿ, ಬಂದೂಕನ್ನು ಎಳೆಗೂಸಿನಂತೆ ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲೆ ಮಲಗಿಸಿದ. ಸೊಸೆ ಚಪ್ಪಾಳೆ ತಟ್ಟಿದಳು. ಅತ್ತೆ ಮಾತ್ರ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

“ಬಾಯ್ಲರು ಎಡಕ್ಕೆ ಯಾಕಪ್ಪ ಬಂತು?”

“ನೀವು ಬರೆದ ಹಾಗೇ ಮಾಡಿದೀನಮ್ಮ. ಕೂದಲೆಳೆಯಷ್ಟು ಆಚೀಚೆ ಆಗಿದ್ರೆ ಉಳಿ ಮುಟ್ಟೋದೇ ಬಿಡ್ತೀನಿ.”

ಅದು ಗುಂಡು ಹಾರಿಸುವ ಬಂದೂಕಲ್ಲ, ನಾಟಕದ್ದು. ಜಗತ್ತೆಲ್ಲ ಹಬೆಯಿಂದಲೇ ಓಡುವ ಒಂದು ಕಲ್ಪನೆಯ ಕಾಲ. ಅಲ್ಲಿ ಕೋಟೆ ಕಾಯುವ ಹೆಣ್ಣಿನ ಕೈಯಲ್ಲೊಂದು ಹಬೆಯ ಬಂದೂಕು. ಆ ಪಾತ್ರ ಸೊಸೆಯದು. ಅತ್ತೆ ಪಂಪು ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ನಕ್ಷೆ ತಿದ್ದಿದವರು. ತಿದ್ದುವುದೆಂದರೆ, ಎಂಜಿನಿಯರುಗಳು ಪೆನ್ಸಿಲಿನಲ್ಲಿ ಎಳೆದದ್ದರ ಮೇಲೆ ತೆಳುಹಾಳೆ ಹಾಸಿ ಶಾಯಿಯಲ್ಲಿ ನಕಲು ತೆಗೆಯುವುದು. ತಮ್ಮದೆನ್ನುವ ಒಂದು ಗೆರೆಯನ್ನೂ ಅವರು ಎಳೆದಿರಲಿಲ್ಲ. “ನೀವೇ ಬರ್ಕೊಡಿ ಅತ್ತೆ,” ಎಂದು ಸೊಸೆ ಕೇಳಿದಾಗ ಮಗ ನಕ್ಕಿದ್ದ: “ಅಮ್ಮ ಬರೆದ್ರೆ ಬಂದೂಕಿನಲ್ಲಿ ನೀರು ಬರುತ್ತೆ, ನೋಡ್ತಿರು.”

ಅತ್ತೆ ಆ ದಿನವೇ ಅಳತೆ ಟೇಪು ಹಿಡಿದು ಸೊಸೆಯ ಭುಜದಿಂದ ತೋರುಬೆರಳಿನವರೆಗೆ ಅಳೆದಿದ್ದರು.

“ನಂಗೆ ಅಂಗಿ ಹೊಲಿಸ್ತೀರಾ ಅತ್ತೆ?”

“ಬಂದೂಕೂ ಮೈಗೆ ಒಗ್ಗಬೇಕಮ್ಮ. ಸುಮ್ನೆ ನಿಂತ್ಕೋ.”

ಉದ್ದ ಮೂವತ್ತೆಂಟು ಅಂಗುಲ. ನಳಿಗೆಗೆ ಪರದೆ ತೂಗುಹಾಕುವ ಹಿತ್ತಾಳೆ ಕೊಳವೆ, ಬಾಯ್ಲರಿಗೆ ಮುಚ್ಚಳ ಕಳೆದುಹೋದ ಸ್ಟೀಲು ಫ್ಲಾಸ್ಕು, ಒತ್ತಡ ತೋರಿಸಲು ಗುಜರಿ ಸ್ಕೂಟರಿನ ಮೀಟರು. ಕಣ್ಣು ಮುಚ್ಚಿ, “ಕೈ ನನ್ನದು, ಗೆರೆ ನಿನ್ನದು” ಎಂದು ದೇವರಿಗೆ ಹೇಳಿ ಎಳೆದ ಮೊದಲ ಗೆರೆ ನಡುಗಿತ್ತು. ಅಳಿಸಿ ಮತ್ತೆ ಎಳೆದರು. ಹೀಗೆ ಮೂರು ದಿನ.

ಈಗ ಬಡಗಿ ಅದೇ ಹಾಳೆಯನ್ನು ಬಂದೂಕಿನ ಪಕ್ಕದಲ್ಲಿ ಹರಡಿದ.

“ಇಗೋ, ಇಲ್ಲಿ ಬಿಟ್ಟು ಬಿಟ್ಟು ಗೆರೆ ಎಳೆದಿದೀರಿ. ನಮ್ಮಲ್ಲಿ ಹಾಗೆ ಎಳೆದ್ರೆ, ಇಲ್ಲಿ ಕೆತ್ತು ಅಂತ.”

“ನಮ್ಮಲ್ಲಿ ಹಾಗೆ ಎಳೆದ್ರೆ, ಇದು ಹಿಂದಿದೆ, ಕಾಣಲ್ಲ ಅಂತ.”

ಕಾರ್ಖಾನೆಯಲ್ಲಿ ಯಾವ ಯಂತ್ರ ಬರೆದರೂ ಅದರ ಬಾಯಿ ಎಡಕ್ಕೇ. ಆ ರೂಢಿಯಲ್ಲಿ ಅತ್ತೆ ಬಂದೂಕಿನ ಬಾಯಿಯನ್ನೂ ಎಡಕ್ಕೆ ಬರೆದಿದ್ದರು. ಹಾಗಾಗಿ ಹಾಳೆಯಲ್ಲಿ ಕಂಡದ್ದು ಅದರ ಎಡಮೈ, ಬಲಮೈಯ ಬಾಯ್ಲರು ಮರೆಗೆ ಸರಿದಿತ್ತು. ಬಡಗಿ ಆ ಗೆರೆ ನಂಬಿ, ಕಂಡ ಎಡಮೈಯಲ್ಲೇ ಕೆತ್ತಿದ್ದ. ರಂಗದ ಮೇಲೆ ಸೊಸೆಯ ಬಲಮೈ ಜನರ ಕಡೆ. ಅವರಿಗೆ ಕಾಣುವುದು ಬರೀ ಮರ. ನಾಟಕ ಸಂಜೆ ಆರಕ್ಕೆ.

“ಬಲಗಡೆಯೂ ಕೆತ್ತಿದ್ರೆ ನಡುವೆ ಕಾಗದದಷ್ಟೇ ಮರ ಉಳಿಯೋದು,” ಎಂದ ಬಡಗಿ. “ಮುರಿದು ಕೈಗೆ ಬರುತ್ತೆ. ಇವತ್ತಿಗೆ ಇವ್ರ ಕೈಗೊಂದು ದೊಣ್ಣೆ ಕೊಟ್ಬಿಡಿ.”

“ಇರ್ಲಿ ಬಿಡಿ ಅತ್ತೆ,” ಎಂದಳು ಸೊಸೆ.

ಆ ಮೆತ್ತನೆಯ ಮಾತೇ ಅತ್ತೆಯ ಎದೆಗೆ ನಾಟಿತು. ಈಗ ಬಿಟ್ಟರೆ ಸಾಯುವವರೆಗೂ ತಾವು ನಕಲಿನವರೇ.

“ಆ ಕಾಗದದಷ್ಟು ಮರ ಯಾಕಪ್ಪ ಉಳಿಸ್ತೀಯ? ಅದನ್ನೂ ತೆಗೆದುಬಿಡು.”

“ಆಂ?”

“ಈ ಕಡೆಯಿಂದ ಆ ಕಡೆಗೆ ಕಿಂಡಿ ಕೊರಿ.”

ಹಾಳೆಯನ್ನು ಮಗುಚಿ ಹಿಂಬದಿಯಲ್ಲಿ ಬರೆಯತೊಡಗಿದರು. ಈ ಸಲ ಬಾಯಿ ಬಲಕ್ಕೆ. ಫ್ಲಾಸ್ಕು ಕಿಂಡಿಯೊಳಗೆ ಕೂತು ಎರಡೂ ಕಡೆ ಹೊಟ್ಟೆ ಹೊರಹಾಕಬೇಕು, ಮೇಲೊಂದು ಕೆಳಗೊಂದು ಹಿತ್ತಾಳೆ ಪಟ್ಟಿ ಮರವನ್ನು ಬಿಗಿಹಿಡಿಯಬೇಕು, ಮೀಟರು ಬಲಕ್ಕೆ. ಗೆರೆ ನಡುಗಲಿಲ್ಲ. ನಡುನಡುವೆ ತಲೆಯೆತ್ತಿ, “ಇದು ಅರ್ಥ ಆಯ್ತಾ? ಇದು?” ಎಂದು ಬಡಗಿಯನ್ನು ಕೇಳಿದರು. ಯಾರನ್ನಾದರೂ ಹಾಗೆ ಕೇಳಿದ ನೆನಪು ಅವರಿಗಿರಲಿಲ್ಲ.

ಬಡಗಿ ಹಾಳೆಯನ್ನೂ ಅವರನ್ನೂ ನೋಡಿದ. “ಇಷ್ಟು ದಿನ ಎಲ್ಲಿದ್ರಿ ಅಮ್ಮ ನೀವು?”

“ಪಂಪಿನೊಳಗೆ,” ಎಂದರು ಅತ್ತೆ. “ಹೊರಡು, ಹೊತ್ತಾಯ್ತು.”

ಆರೂಕಾಲಿಗೆ ಪರದೆ ಸರಿಯಿತು. ಸೊಸೆ ಕೋಟೆಯ ಮೇಲೆ ನಿಂತು ಬಂದೂಕು ಎತ್ತಿದಳು. ದೀಪದ ಬೆಳಕು ಫ್ಲಾಸ್ಕಿನ ಹೊಟ್ಟೆಗೆ ಬಿದ್ದು ಗೋಡೆಗೋಡೆಯ ಮೇಲೆ ಓಡಿತು. ಮೀಟರಿನ ಮುಳ್ಳಿಗೆ ಕಟ್ಟಿ ಬೆರಳಿಗೆ ಸುತ್ತಿದ್ದ ದಾರ ಎಳೆದದ್ದೇ ತಡ, ಮುಳ್ಳು ಸೊನ್ನೆಯಿಂದ ಎಂಬತ್ತಕ್ಕೆ ಏರಿತು. ಹಿಂದಿನ ಸಾಲಿನಲ್ಲಿ ಯಾರೋ “ಅಬ್ಬಾ!” ಎಂದರು. ಅವಳು ಸರಕ್ಕನೆ ತಿರುಗಿದಳು. ಆ ಮಗ್ಗುಲಲ್ಲೂ ಬಾಯ್ಲರು ಫಳಫಳ. ನಾಟಕದಲ್ಲಿ ತಿರುಗುವುದು ಇರಲೇ ಇಲ್ಲ, ತೋರಿಸುವ ಹುಮ್ಮಸ್ಸಿಗೆ ತಿರುಗಿದ್ದಳು. ಚಪ್ಪಾಳೆ ನಿಲ್ಲುವವರೆಗೆ ಶತ್ರುವೂ ಸುಮ್ಮನೆ ನಿಂತು ಕಾಯಬೇಕಾಯಿತು. ಮಗ ಕುರ್ಚಿಯಿಂದೆದ್ದು ಶಿಳ್ಳೆ ಹೊಡೆದ. ಅತ್ತೆ ಕತ್ತಲಲ್ಲಿ ಕೈಮುಗಿದು ಕೂತಿದ್ದರು.

ಜನ ಕರಗಿದ ಮೇಲೆ ಬಡಗಿ ರಂಗದ ಹಿಂದಿನ ನಲ್ಲಿಯಲ್ಲಿ ಮೊಣಕೈವರೆಗೆ ಕೈ ತೊಳೆದು, ಅಂಗಿಗೆ ಒರೆಸಿಕೊಂಡ. ಬೆಂಚಿನ ಮೇಲಿಟ್ಟಿದ್ದ ನಕ್ಷೆಯ ಸುರುಳಿಯನ್ನು ಎತ್ತಿ ಅತ್ತೆಯ ಮುಂದೆ ಚಾಚಿದ. ಕಾರ್ಖಾನೆಯಲ್ಲಿ ಯಂತ್ರಗಳ ಕಡೆಗೆ ಹೋದ ಹಾಳೆ ಒಮ್ಮೆಯೂ ಅವರ ಮೇಜಿಗೆ ಮರಳಿದ್ದಿಲ್ಲ.

“ನಿಮ್ದು,” ಎಂದ.

ಅತ್ತೆ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಸುರುಳಿಯ ತುದಿಯಿಂದ ಒಂದಿಷ್ಟು ಮರದ ಹೊಟ್ಟು ಅವರ ಮಣಿಕಟ್ಟಿನ ಮೇಲೆ ಉದುರಿತು. ಅವರು ಅದನ್ನು ಕೊಡವಲಿಲ್ಲ.