ಊದದ ಸೀಟಿ

ಮೂರು ಮೈಲಿ ಆಚೆ ಗೋಡೆ ಹತ್ತುತ್ತಿರುವ ಇರುವೆ ಗಂಡೋ ಹೆಣ್ಣೋ ಎಂದು ಸ್ಟೇರಿಂಗ್ ಹಿಡಿದು ಕೂತಲ್ಲಿಂದಲೇ ಹೇಳಬಲ್ಲವನು ನಾನು. ಹದ್ದುಗಳು ನನ್ನ ಹತ್ತಿರ ಪಾಠಕ್ಕೆ ಬರುತ್ತೇವೆಂದು ಗೋಗರೆದವು, ನನಗೇ ಪುರುಸೊತ್ತಿರಲಿಲ್ಲ. ಇಪ್ಪತ್ತಾರು ವರ್ಷ ಬಸ್ ಓಡಿಸಿದೆ. ರಸ್ತೆಯ ಗುಂಡಿಗಳು ನನ್ನನ್ನು ಕಂಡರೆ ತಾವೇ ಪಕ್ಕಕ್ಕೆ ಸರಿಯುತ್ತಿದ್ದವು.

ಅಂಥವನಿಗೂ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ. ಫೇಲಾದರೆ ಸ್ಟೇರಿಂಗ್ ಬಿಟ್ಟು ಬಸ್ ತೊಳೆಯಲು ನಿಲ್ಲಬೇಕು.

ಕೊನೆಯ ವರ್ಷ ನನಗೆ ಕಂಡಕ್ಟರನ ಮೇಲೆ ಅನುಮಾನ ಹುಟ್ಟಿತು. ಹನ್ನೊಂದು ವರ್ಷದಿಂದ ಬಸ್ಸಿನ ಹಿಂಬಾಗಿಲ ಬಳಿ ನಿಲ್ಲುತ್ತಿದ್ದವನು, ಪರೀಕ್ಷೆಗೆ ತಿಂಗಳಿರುವಾಗ ಇದ್ದಕ್ಕಿದ್ದಂತೆ ಮುಂದೆ ಬಂದು ಕಾದ ಇಂಜಿನ್ ಮುಚ್ಚಳಕ್ಕೆ ತೊಡೆ ಆನಿಸಿ ನಿಲ್ಲತೊಡಗಿದ. "ಅಣ್ಣ, ಎಡಕ್ಕೆ ಸೈಕಲ್ಲು." "ಅಣ್ಣ, ಅಜ್ಜಿ ದಾಟ್ತಾ ಇದಾರೆ." ಡಿಪೋ ಮ್ಯಾನೇಜರ್ ಇವನನ್ನು ನನ್ನ ಮೇಲೆ ಗೂಢಚಾರನಾಗಿ ಬಿಟ್ಟಿದ್ದಾರೆ ಎಂದು ಖಾತ್ರಿಯಾಯಿತು. ಅವನು ಮೂಗು ತುರಿಸಿದರೆ ಯಾರಿಗೋ ಸನ್ನೆ. ಪೆನ್ನು ತೆಗೆದರೆ ನನ್ನ ತಪ್ಪು ಬರೆಯಲಿಕ್ಕೇ.

ಪರೀಕ್ಷೆಯ ದಿನ ಕಣ್ಣು ಡಾಕ್ಟರಮ್ಮ ಗೋಡೆಯ ಅಕ್ಷರಪಟದತ್ತ ಕೈ ತೋರಿಸಿದರು. ಕೊನೆಯ ಸಾಲಿನವರೆಗೂ ಗಡಗಡ ಓದಿದೆ.

"ಓದೋವಾಗ ನಿಮ್ಮ ಕಣ್ಣು ಪಟದ ಕಡೆ ಇರ್ಲಿಲ್ಲ. ಫ್ಯಾನಿನ ಕಡೆ ಇತ್ತು," ಎಂದರು ಅವರು.

"ನಮ್ಮಂಥೋರಿಗೆ ಓರೆಗಣ್ಣೇ ಸಾಕು ಡಾಕ್ಟರಮ್ಮ."

"ನಂಗೆ ಅನುಮಾನ ಇದೆ. ಆದ್ರೆ ಇರೋದು ಇದೊಂದೇ ಪಟ. ಸಾಲು ಓದಿದ್ರೆ ಸಹಿ ಹಾಕ್ಬೇಕು, ಅದು ನಿಯಮ. ಅನುಮಾನ ಬರೆಯೋಕೆ ಈ ಫಾರಂನಲ್ಲಿ ಜಾಗ ಇಲ್ಲ." ಸಹಿ ಬಿತ್ತು.

ಹೊರಗೆ ಕಂಡಕ್ಟರ್ ಕಾಯುತ್ತಿದ್ದ.

"ಏನಯ್ಯಾ, ಚಾಡಿ ಹೇಳಿದ್ದು ಫಲಿಸ್ಲಿಲ್ಲ ಅಂತ ಬೇಜಾರಾ?"

"ಚಾಡಿ ಹೇಳೋನಾಗಿದ್ರೆ ತಿಂಗಳಿಡೀ ತೊಡೆ ಯಾಕೆ ಬೇಯಿಸ್ಕೊಳ್ತಿದ್ದೆ ಅಣ್ಣ? ಮೊದಲ ದಿನವೇ ವರದಿ ಮಾಡೋದು ನನ್ನ ಕರ್ತವ್ಯ. ನಿಮ್ಮ ಮುಖ ನೋಡಿ ಆಗ್ಲಿಲ್ಲ. ನೀವೇ ಹೇಳ್ತೀರ ಅಂತ ಕಾದೆ."

"ಹೇಳೋದೇನಿದೆ? ಸಹಿ ಆಗಿದೆ. ಕಾನೂನು ನನ್ನ ಕಡೆ."

"ಇರ್ಲಿ. ನಿನ್ನೆ ನಾನು ಒಂದೇ ಒಂದು ಸಲ ಸೀನಿದೆ. ಅಷ್ಟರಲ್ಲಿ ತರಕಾರಿ ಚೀಲದ ಆಯಮ್ಮ ನಮ್ಮ ಬಸ್ಸಿಂದ ತಪ್ಪಿಸ್ಕೊಳ್ಳೋಕೆ ಹಾರಿ ಫುಟ್‌ಪಾತಿಗೆ ಬಿದ್ರು. ನಿಮಗೆ ಕಂಡ್ರಾ?"

"ಕಾಣದೆ? ಚೀಲದೊಳಗಿನ ಬದನೇಕಾಯಿ ಎಣಿಸಿದ್ದೆ!"

ಹಾಗೆಂದೆನಾದರೂ ಅದೇ ಕ್ಷಣ ನನ್ನೊಳಗಿನ ಮಹಾಪುರುಷ ಎದ್ದು ನಿಂತ. ಸಹಿಯ ಕಾಗದವನ್ನು ನೂರಾ ಎಂಟು ಚೂರು ಮಾಡಿ ಗಾಳಿಗೆ ತೂರಿದೆ. "ಜನರ ಪ್ರಾಣ ದೊಡ್ಡದು!" ಎಂದು ಗುಡುಗಿದೆ. ಡಿಪೋದ ಬಸ್ಸುಗಳೆಲ್ಲ ಕಣ್ಣೀರಿಟ್ಟವು. ಮ್ಯಾನೇಜರ್ ನನ್ನ ಕಾಲಿಗೆ...

ಮೊನ್ನೆ ಡಿಪೋದಲ್ಲಿ ಹೊಸ ಡ್ರೈವರುಗಳ ಮುಂದೆ ಕಥೆಯನ್ನು ಇಲ್ಲಿಗೆ ತರುವಷ್ಟರಲ್ಲಿ ಬೆನ್ನ ಹಿಂದೆ ಒಂದು ಕೆಮ್ಮು ಕೇಳಿಸಿತು. ಕಂಡಕ್ಟರ್! ಯಾವಾಗಿನಿಂದ ನಿಂತಿದ್ದನೋ.

"ಹರಿದ್ರಾ ಅಣ್ಣ? ಆ ಕಾಗದ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆಯಲ್ಲ."

ಹೊಸಬರೆಲ್ಲ ನನ್ನತ್ತ ತಿರುಗಿದರು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ.

ನಿಜ ಇಷ್ಟು. ಕನ್ನಡಕಕ್ಕೂ ಬಗ್ಗದ ಮಂಜು ನನ್ನ ಕಣ್ಣಿಗೆ ಕವಿದಿತ್ತು. ಹೆಂಡತಿಯ ಕಣ್ಣು ತೋರಿಸುವ ನೆಪದಲ್ಲಿ ಮೂರು ಸಲ ಅದೇ ಆಸ್ಪತ್ರೆಗೆ ಹೋಗಿ, ಅವಳು ಓದಿದ ಸಾಲುಗಳನ್ನು ಬಾಯಿಪಾಠ ಮಾಡಿದ್ದೆ. ಸಹಿಯ ಕಾಗದ ಜೇಬಿಗಿಟ್ಟು ನೇರ ಹೋಗಿ ಬಸ್ ಹತ್ತಿ ಇಂಜಿನ್ ಚಾಲೂ ಮಾಡಿದೆ. ಒಳಗೆ ತುಂಬ ಜನ. ಕಂಡಕ್ಟರ್ ಸೀಟಿ ಊದದೆ ಬಸ್ ಕದಲುವಂತಿಲ್ಲ. ಅವನು ಊದಲಿಲ್ಲ. ಜನ ಬೈದರು, ನಾನು ಹಾರ್ನ್ ಬಾರಿಸಿದೆ. ಅವನು ನನ್ನ ಗುಟ್ಟು ಬಿಟ್ಟುಕೊಡದೆ, ಸೀಟಿಯನ್ನು ಅಂಗೈಯಲ್ಲಿಟ್ಟುಕೊಂಡು ನಿಂತಿದ್ದನಂತೆ. ನನಗೆ ಅದೂ ಕಾಣಲಿಲ್ಲ. ಬೈಯೋಣವೆಂದು ಕನ್ನಡಿಯಲ್ಲಿ ಅವನ ಮುಖ ಹುಡುಕಿದೆ. ನಲವತ್ತು ಮುಖಗಳೂ ಕಲಸಿಕೊಂಡು ಒಂದೇ ಬೂದು ಮಬ್ಬಾಗಿದ್ದವು.

ಇಂಜಿನ್ ಆರಿಸಿದೆ. ಕಂಬಿ ತಡವಿಕೊಂಡು ಹೋಗಿ, ಕಾಗದವನ್ನು ಅವನ ಕೈಗಿಟ್ಟು ಇಳಿದೆ. ಈಗ ಬಸ್ ತೊಳೆಯುತ್ತೇನೆ. ಮುಂದಿನ ಗಾಜನ್ನು ಮಾತ್ರ ಎರಡೆರಡು ಸಲ ಒರೆಸುತ್ತೇನೆ.

"ಹಂಗಾದ್ರೆ ಆ ಇರುವೆ, ಅಣ್ಣ?" ಎಂದು ಹೊಸಬನೊಬ್ಬ ಕೇಳಿದ.

"ಇರುವೆ ಹಾಳಾಗ್ಲಿ," ಎಂದೆ. "ನಂಗೆ ಗೋಡೆಯೇ ಕಾಣ್ತಿರ್ಲಿಲ್ಲ ಕಣಯ್ಯಾ."